ಕಣ್ಣೇ ಮೈಯಾದಾಗ: ಅಂಗಸ್ಥಿತಿಯ ಅರಿವು ಕಳೆದುಕೊಂಡ ಒಬ್ಬರ ಪ್ರಕರಣ ಅಧ್ಯಯನ

1971ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಜರ್ಸಿ ದ್ವೀಪದಲ್ಲಿ, ಮಾಂಸದಂಗಡಿಯಲ್ಲಿ ಕೆಲಸಕ್ಕಿದ್ದ 19 ವರ್ಷದ ಯುವಕನೊಬ್ಬನಿಗೆ ಫ್ಲೂ ಥರದ ಜ್ವರ ಬಂತು. ಕೆಲವೇ ದಿನಗಳಲ್ಲಿ ಕೈಕಾಲು ಹೇಳಿದ ಮಾತು ಕೇಳದಾದವು. ಆಸ್ಪತ್ರೆ ಸೇರಿದಾಗ ಹಾಸಿಗೆಯ ಮೇಲೆ ಮಲಗಿದ್ದರೂ ಹಾಸಿಗೆ ಮೈಗೆ ತಾಗುತ್ತಿರಲಿಲ್ಲ. ಕುತ್ತಿಗೆಯಿಂದ ಕೆಳಗೆ ಮುಟ್ಟಿದ್ದು ಗೊತ್ತಾಗದು, ಕಣ್ಣು ಮುಚ್ಚಿದರೆ ಕೈ ಎಲ್ಲಿದೆ, ಕಾಲು ಮಡಿಸಿದೆಯೋ ಚಾಚಿದೆಯೋ ತಿಳಿಯದು. ವೈದ್ಯಕೀಯ ಬರಹಗಳಲ್ಲಿ ಇವರನ್ನು ಐ.ಡಬ್ಲ್ಯು. ಎಂಬ ಮೊದಲಕ್ಷರಗಳಿಂದ ಗುರುತಿಸುತ್ತಾರೆ. ಇಂಥ ನಷ್ಟ ಇಷ್ಟು ಪೂರ್ಣವಾಗಿ, ಇಷ್ಟು ಸ್ವಚ್ಛವಾಗಿ ಆದವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಯೋಚನೆಗೂ ಮೈಗೂ ಇರುವ ನಂಟಿನ ಬಗ್ಗೆ ಊಹೆಗಳು ಬಹಳ. ಆ ನಂಟಿನ ಒಂದು ಎಳೆ ಕಡಿದಾಗ ಏನಾಗುತ್ತದೆಂದು ನೋಡಲು ಸಿಕ್ಕ ಅಪರೂಪದ ಅವಕಾಶ ಇದು.

ಏನು ಹೋಯಿತು, ಏನು ಉಳಿಯಿತು

ಈ ಪ್ರಕರಣದ ಬೆಲೆಯೆಲ್ಲ ಇರುವುದು ನಷ್ಟದ ಗಡಿ ನಿಖರವಾಗಿರುವುದರಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಮೈಯಿಂದ ಮಿದುಳಿಗೆ ಸುದ್ದಿ ಒಯ್ಯುವ ಸಂವೇದನಾ ತಂತುಗಳಲ್ಲಿ ದಪ್ಪವೂ ಇವೆ, ಸಣ್ಣವೂ ಇವೆ. ಮಯಲಿನ್ ಕೊಬ್ಬಿನ ಹೊದಿಕೆ ಗಟ್ಟಿಯಾಗಿ ಸುತ್ತಿಕೊಂಡ ದಪ್ಪ ತಂತುಗಳು ಸೆಕೆಂಡಿಗೆ ಸುಮಾರು 35ರಿಂದ 120 ಮೀಟರ್ ವೇಗದಲ್ಲಿ ಸುದ್ದಿ ಸಾಗಿಸುತ್ತವೆ. ಚರ್ಮದ ನವಿರು ಸ್ಪರ್ಶ, ಕಂಪನ, ಸ್ನಾಯು ಎಷ್ಟು ಹಿಗ್ಗಿದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಎಷ್ಟು ಬಿಗಿದಿದೆ ಎಂಬುದೆಲ್ಲ ಇವುಗಳ ಪಾಲು. ತೆಳು ಹೊದಿಕೆಯ ಇಲ್ಲವೇ ಹೊದಿಕೆಯೇ ಇಲ್ಲದ ಸಣ್ಣ ತಂತುಗಳು ನಿಧಾನ. ಬರಿಯ ತಂತುಗಳಲ್ಲಿ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ನೋವು, ಬಿಸಿ, ತಂಪು, ಸ್ನಾಯುವಿನ ದಣಿವು ಇವುಗಳ ಮೂಲಕ ಬರುತ್ತವೆ.

ಐ.ಡಬ್ಲ್ಯು. ಅವರಲ್ಲಿ ಕುತ್ತಿಗೆಯ ಕೆಳಗಿನ ದಪ್ಪ ಸಂವೇದನಾ ತಂತುಗಳು ಮಾತ್ರ ನಾಶವಾದವು. ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ತನ್ನ ನರಗಳ ಮೇಲೆ ಎರಗಿತು ಎಂಬುದು ಒಪ್ಪಿತ ವಿವರಣೆ. ಮಿದುಳಿನ ಆಜ್ಞೆಯನ್ನು ಸ್ನಾಯುಗಳಿಗೆ ಒಯ್ಯುವ ಚಾಲಕ ನರಗಳಿಗೆ ಏನೂ ಆಗಲಿಲ್ಲ. ಸ್ನಾಯುಗಳ ಬಲವೂ ಇದೆ. ಸೂಜಿ ಚುಚ್ಚಿದರೆ ಗೊತ್ತಾಗುತ್ತದೆ, ಬಿಸಿನೀರು ಸುಡುತ್ತದೆ, ದಣಿದರೆ ದಣಿವೆನಿಸುತ್ತದೆ. ಒಳಗಿವಿಯ ಸಮತೋಲನ ಅಂಗ ಸರಿಯಾಗಿದೆ. ಕುತ್ತಿಗೆಯ ಅರಿವು ಉಳಿದಿದೆ. ಇದು ಚಿಕ್ಕ ಸಂಗತಿಯಲ್ಲ, ಮುಂದೆ ಮತ್ತೆ ಬರುತ್ತದೆ.

ಹಾಸಿಗೆಯ ಪಕ್ಕದ ಪರೀಕ್ಷೆಯಲ್ಲಿ ಇಂಥ ನಷ್ಟ ಹೀಗೆ ಕಾಣುತ್ತದೆ. ರೋಗಿ ಕಣ್ಣು ಮುಚ್ಚಿರುವಾಗ ಹೆಬ್ಬೆರಳನ್ನು ಎರಡೂ ಬದಿಯಿಂದ ಹಿಡಿದು ಮೇಲೆ ಕೆಳಗೆ ಮಾಡಿದರೆ ಯಾವ ಕಡೆ ಹೋಯಿತೆಂದು ಹೇಳಲಾರರು. (ಬೆರಳನ್ನು ಮೇಲಿನಿಂದಲೂ ಕೆಳಗಿನಿಂದಲೂ ಹಿಡಿದರೆ ಒತ್ತಡವೇ ಉತ್ತರ ಹೇಳಿಕೊಟ್ಟುಬಿಡುತ್ತದೆ. ಹೊಸಬರು ತಪ್ಪುವುದು ಇಲ್ಲೇ.) ಕಣಕಾಲಿನ ಮೂಳೆಯ ಮೇಲೆ 128 ಹರ್ಟ್ಜ್ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಇಟ್ಟರೆ ಕಂಪನ ತಿಳಿಯದು. ಮೊಣಕಾಲಿನ ಕೆಳಗೆ ಸುತ್ತಿಗೆ ತಟ್ಟಿದರೆ ಕಾಲು ಚಿಮ್ಮದು. ಚಾಚಿದ ಕೈಗಳ ಬೆರಳುಗಳು ಕಣ್ಣು ಮುಚ್ಚಿದೊಡನೆ ತಾವಾಗಿ ಹಾವಿನಂತೆ ಹೊರಳತೊಡಗುತ್ತವೆ. ಹಾಗೆ ಹೊರಳುತ್ತಿರುವುದು ರೋಗಿಗೆ ಗೊತ್ತಿರುವುದಿಲ್ಲ. ನರದ ವಿದ್ಯುತ್ ಪರೀಕ್ಷೆಯಲ್ಲಿ ಸಂವೇದನಾ ಅಲೆ ಶೂನ್ಯ, ಚಾಲಕ ಅಲೆ ಸಹಜ.

ಕೈಕಾಲು ಎಲ್ಲಿದೆ, ಹೇಗಿದೆ ಎಂಬ ಈ ಒಳಅರಿವಿಗೆ 1906ರಲ್ಲಿ ಬ್ರಿಟನ್ನಿನ ಶರೀರಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ ಪ್ರೊಪ್ರಿಯೋಸೆಪ್ಷನ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ಅಂಗಸ್ಥಿತಿಯ ಅರಿವು ಅನ್ನಬಹುದು. ನೋಟ, ಶ್ರವಣದಂತೆ ಇದು ತನ್ನ ಇರವನ್ನು ಸಾರುವುದಿಲ್ಲ, ಕೆಲಸ ಮಾಡುವಷ್ಟು ಕಾಲವೂ ಕಾಣದೆಯೇ ಇರುತ್ತದೆ. ಬಹಳ ಹೊತ್ತು ಕಾಲ ಮೇಲೆ ಕಾಲು ಹಾಕಿ ಕೂತು ಜೋಮು ಹಿಡಿದಾಗ ಮಾತ್ರ ನಮಗೆ ಇದರ ಗೈರುಹಾಜರಿಯ ರುಚಿ ಸಿಗುತ್ತದೆ, ಏಕೆಂದರೆ ಒತ್ತಡಕ್ಕೆ ಮೊದಲು ಸೋಲುವುದು ದಪ್ಪ ತಂತುಗಳೇ. ಆ ಒಂದೆರಡು ನಿಮಿಷ ಕಾಲನ್ನು ನೋಡಿ ನೋಡಿ ಇಡುತ್ತೇವಲ್ಲ, ಐ.ಡಬ್ಲ್ಯು. ಅವರಿಗೆ ಇಡೀ ಬದುಕು ಅದೇ.

ಸ್ನಾಯು ಇದ್ದೂ ಚಲನೆ ಇಲ್ಲ

ಬಲವಿರುವ ಕೈ ಏಕೆ ಕೆಲಸ ಮಾಡದು? ಚಾಲಕ ಆಜ್ಞೆ ಎಂದರೆ ‘ಕೈ ಎತ್ತು’ ಎಂಬ ಒಂದೇ ಮಾತಲ್ಲ. ಕೈ ಈಗ ಎಲ್ಲಿದೆ, ಯಾವ ಸ್ನಾಯು ಎಷ್ಟು ಬಿಗಿದಿದೆ, ಯಾವ ಭಾರ ಹೊತ್ತಿದೆ ಎಂಬುದರ ಮೇಲೆ ಆಜ್ಞೆಯ ಪ್ರಮಾಣ ನಿಂತಿದೆ. ಆ ಲೆಕ್ಕ ಸಿಗದೆ ಹೊರಟ ಆಜ್ಞೆ ಹೆಚ್ಚೋ ಕಡಿಮೆಯೋ ಆಗುತ್ತದೆ. ಮೊದಲ ವಾರಗಳಲ್ಲಿ ಐ.ಡಬ್ಲ್ಯು. ಕೈ ಎತ್ತಲು ಹೋದರೆ ಅದು ಎಲ್ಲೆಲ್ಲೋ ಬೀಸಿಹೋಗುತ್ತಿತ್ತು, ಕೆಲವೊಮ್ಮೆ ಅವರಿಗೇ ಬಡಿಯುತ್ತಿತ್ತು. ಜೊತೆಗೆ ವೇಗದ ಪ್ರಶ್ನೆಯೂ ಇದೆ. ಎಡವಿದಾಗ ಸ್ನಾಯುಗಳ ಒಳದಾರಿಯ ತಿದ್ದುಪಡಿ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಶುರುವಾಗುತ್ತದೆ. ಕಣ್ಣಲ್ಲಿ ಕಂಡು, ತಿಳಿದು, ಬೇಕೆಂದೇ ತಿದ್ದುವ ಹೊತ್ತಿಗೆ ಮೈ ಅರ್ಧ ನೆಲ ಕಂಡಿರುತ್ತದೆ.

ಉಳಿದಿದ್ದ ದಾರಿ ಒಂದೇ. ಒಳಗಿನಿಂದ ಬರಬೇಕಾದ ಸುದ್ದಿಯನ್ನು ಹೊರಗಿನಿಂದ, ಕಣ್ಣಿನ ಮೂಲಕ ತರಿಸಿಕೊಳ್ಳುವುದು. ಇದನ್ನು ಯಾರೂ ಅವರಿಗೆ ಹೇಳಿಕೊಡಲಿಲ್ಲ, ಹೇಳಿಕೊಡಲು ಯಾರಿಗೂ ಗೊತ್ತಿರಲೂ ಇಲ್ಲ.

ಮೊದಲ ಗುರಿ ಹಾಸಿಗೆಯಲ್ಲಿ ಎದ್ದು ಕೂರುವುದು. ಅದಕ್ಕೇ ತಿಂಗಳುಗಳು ಹಿಡಿದವು. ನಾವು ಏಳುವಾಗ ತಲೆ ಎತ್ತುವುದು, ಹೊಟ್ಟೆ ಬಿಗಿಹಿಡಿಯುವುದು, ಸೊಂಟ ಮಡಿಯುವುದು, ತೋಳು ಮುಂದಕ್ಕೆ ಬರುವುದು ಎಲ್ಲ ಒಂದೇ ಉಸಿರಿನಲ್ಲಿ ಆಗಿಬಿಡುತ್ತದೆ. ಅವರು ಒಂದೊಂದನ್ನೂ ಬಿಡಿಸಿಕೊಂಡರು. ಮೊದಲು ಕುತ್ತಿಗೆಯಿಂದ ತಲೆ ಎತ್ತಿ ಮೈ ಕಣ್ಣಿಗೆ ಬೀಳುವಂತೆ ಮಾಡಿಕೊಳ್ಳಬೇಕು. ಆಮೇಲೆ ಹೊಟ್ಟೆಯ ಸ್ನಾಯು ಬಿಗಿಯಾಗಲೆಂದು ಮನಸ್ಸಿನಲ್ಲೇ ಆಜ್ಞೆ ಕೊಟ್ಟು, ಹೊಟ್ಟೆ ಬಿಗಿಯಾಯಿತೇ ಎಂದು ಕಣ್ಣಿನಿಂದ ನೋಡಬೇಕು. ಆಗಷ್ಟೇ ಮುಂಡ ಮೇಲೇಳಿಸುವ ಯತ್ನ. ಕೊನೆಗೊಂದು ದಿನ ಎದ್ದು ಕೂತರು. ಕೂತೆನೆಂಬ ಸಂತೋಷ ಉಕ್ಕಿತು, ಆ ಒಂದು ಕ್ಷಣ ಮೈಯ ಮೇಲಿನ ಗಮನ ತಪ್ಪಿತು, ಹಾಗೇ ಹಿಂದಕ್ಕೆ ಬಿದ್ದರು. ಇಡೀ ಪ್ರಕರಣದ ಬೀಜ ಈ ಬೀಳುವಿಕೆಯಲ್ಲಿದೆ. ಸಂತೋಷಪಡಲೂ ಗಮನ ಬೇಕು, ಕೂರಲೂ ಗಮನ ಬೇಕು. ಇದ್ದದ್ದು ಒಂದೇ ಗಮನ.

ನಿಲ್ಲಲು ಸುಮಾರು ಒಂದು ವರ್ಷ ಹಿಡಿಯಿತು. ಪುನಶ್ಚೇತನ ಆಸ್ಪತ್ರೆಯಲ್ಲಿ 17 ತಿಂಗಳು ಕಳೆದರು. ನಡೆಯುವಾಗ ಪಾದಗಳನ್ನು ಅಗಲಿಸಿ, ಭಾರ ಹೊತ್ತ ಕಾಲಿನ ಮೊಣಕಾಲನ್ನು ನೆಟ್ಟಗೆ ಬಿಗಿದು, ತಲೆ ತುಸು ಬಗ್ಗಿಸಿ ಮುಂದಿನ ನೆಲ, ಕಾಲು ಎರಡನ್ನೂ ನೋಟದಲ್ಲಿ ಇಟ್ಟುಕೊಳ್ಳುತ್ತಾರೆ. ತೋಳುಗಳು ಸಮತೋಲನಕ್ಕೆ ಮೀಸಲು. ಪ್ರತಿ ಹೆಜ್ಜೆಯೂ ಮೊದಲೇ ಎಣಿಸಿದ್ದು. ವರ್ಷಗಳ ಅಭ್ಯಾಸದ ನಂತರ, ಬೆಳಕಿರುವ ಸಮತಟ್ಟು ನೆಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಮನ ಸಾಕಾಗುವಂತಾಯಿತು. ಉಬ್ಬುತಗ್ಗಿನ ದಾರಿಯಲ್ಲಿ ಇಂದಿಗೂ ಪೂರ್ತಿ ಗಮನ ಬೇಕು. ಈಜು, ಸೈಕಲ್, ಟೈಪಿಂಗ್ ನಮಗೆ ಮೈಗೂಡುತ್ತವೆ. ಇವರಿಗೆ ಯಾವುದೂ ಪೂರ್ತಿ ಮೈಗೂಡಲಿಲ್ಲ. ಕಲಿತದ್ದನ್ನು ಇಟ್ಟುಕೊಳ್ಳುವ ಮೈಯೇ ಸುದ್ದಿ ಕಳಿಸುವುದನ್ನು ನಿಲ್ಲಿಸಿತ್ತು.

ಎಲ್ಲಿ ಕೈಕೊಡುತ್ತದೆ

ದೀಪ ಆರಿದರೆ ಕುಸಿದು ಬೀಳುತ್ತಾರೆ. ಕತ್ತಲಲ್ಲಿ ಎಡವಿದವರಂತೆ ಬೀಳುವುದಲ್ಲ, ದಾರ ಕತ್ತರಿಸಿದ ಗೊಂಬೆಯಂತೆ ನಿಂತಲ್ಲೇ ರಾಶಿಯಾಗುವುದು. ಮತ್ತೆ ಬೆಳಕು ಬರುವವರೆಗೂ ಏಳಲಾಗದು. ಸೀನು ಬಂದರೆ ಅಪಾಯ, ಏಕೆಂದರೆ ಸೀನುವಾಗ ಕಣ್ಣು ಮುಚ್ಚುತ್ತದೆ, ಗಮನ ಚದುರುತ್ತದೆ. ನೆಗಡಿಯಿಂದ ತಲೆ ಮಂಕಾದ ದಿನ ನಡೆಯುವುದೇ ಬೇಡವೆಂದು ಮಲಗುತ್ತಾರೆ. ಕಾಲಿಗೆ ಏನೂ ಆಗಿರುವುದಿಲ್ಲ, ನಡೆಯಲು ಬೇಕಾದ ಯೋಚನೆಯ ಶಕ್ತಿ ಇರುವುದಿಲ್ಲ. ಜನಜಂಗುಳಿ ಬೇಡ, ಯಾರಾದರೂ ಭುಜ ತಾಗಿಸಿ ಹೋದರೆ ತಾನಾಗಿ ತಿದ್ದಿಕೊಳ್ಳುವ ಮೈ ಇಲ್ಲ. ಕೈಯಲ್ಲಿ ಮೊಟ್ಟೆ ಹಿಡಿದಿರುವಾಗ ಗಮನ ಬೇರೆಡೆ ಹರಿದರೆ ಮೊಟ್ಟೆ ಒಡೆಯುತ್ತದೆ. ನಡೆಯುತ್ತ ಹಗಲುಗನಸು ಕಾಣುವಂತಿಲ್ಲ.

ಈ ಕೊನೆಯ ಮಾತಿನ ಬಳಿ ತುಸು ನಿಲ್ಲಬೇಕು. ಮನಸ್ಸು ಮೈಯಿಂದ ಬಿಡಿಸಿಕೊಂಡು ಎಲ್ಲೆಲ್ಲೋ ಅಲೆಯಬಲ್ಲದು ಎಂಬುದನ್ನು ಯೋಚನೆಯು ಮೈಗಿಂತ ಬೇರೆ ಎಂಬುದಕ್ಕೆ ಸಾಕ್ಷಿಯೆಂದು ಹಿಡಿದವರುಂಟು. ಐ.ಡಬ್ಲ್ಯು. ಪ್ರಕರಣ ತೋರಿಸುವುದು ತಿರುಗುಮುರುಗು. ಮೈ ತನ್ನ ಪಾಡಿಗೆ ತಾನು ನಿಂತು ನಡೆದು ಸಂಭಾಳಿಸುತ್ತಿರುವುದರಿಂದಲೇ ಮನಸ್ಸಿಗೆ ಅಲೆಯುವ ಬಿಡುವು. ಮೈಮರೆಯಬೇಕಾದರೂ ಮೈ ಇರಬೇಕು.

ತೂಕ ನೋಡುವ ಕಣ್ಣು

ಕಾಯಿಲೆಯಾಗಿ ಹತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ನರಶಾಸ್ತ್ರಜ್ಞ ಜೋನಥನ್ ಕೋಲ್ ಇವರನ್ನು ಕಂಡರು. ಅಲ್ಲಿಂದ ದಶಕಗಳ ಕಾಲ ನಡೆದ ಪರೀಕ್ಷೆಗಳಲ್ಲಿ ಒಂದು ತೂಕದ್ದು. ಕಣ್ಣು ಮುಚ್ಚಿ ಎತ್ತಿ ನೋಡಿದಾಗ 400 ಗ್ರಾಮಿನ ಆಸುಪಾಸಿನಲ್ಲಿ ಸುಮಾರು 200 ಗ್ರಾಂ ವ್ಯತ್ಯಾಸವಿದ್ದರಷ್ಟೇ ಅವರಿಗೆ ಗೊತ್ತಾಗುತ್ತಿತ್ತು. ಕಣ್ಣು ತೆರೆದಾಗ ಹತ್ತರಲ್ಲಿ ಒಂದು ಪಾಲಿನ ವ್ಯತ್ಯಾಸವನ್ನೂ, ಎಂದರೆ 40 ಗ್ರಾಮಿನಷ್ಟನ್ನೂ, ಹೆಚ್ಚುಕಡಿಮೆ ಎಲ್ಲರಂತೆಯೇ ಹೇಳಿದರು.

ಭಾರ ಕಣ್ಣಿಗೆ ಕಾಣುವ ಗುಣವಲ್ಲ, ಹಾಗಾದರೆ ಅವರು ನೋಡಿದ್ದೇನು? ಪ್ರತಿ ಸಲವೂ ಒಂದೇ ಪ್ರಮಾಣದ ಆಜ್ಞೆ ಕೊಟ್ಟು ಎತ್ತುತ್ತಾರೆ, ತೋಳು ಎಷ್ಟು ಬೇಗ, ಎಷ್ಟು ಎತ್ತರ ಏರಿತೆಂದು ನೋಡುತ್ತಾರೆ. ಹಗುರವಾದರೆ ಚಿಮ್ಮುತ್ತದೆ, ಭಾರವಾದರೆ ತಡೆಯುತ್ತದೆ. ನಮಗೆ ಭಾರ ಅನಿಸುತ್ತದೆ, ಅವರು ಭಾರವನ್ನು ಲೆಕ್ಕ ಹಾಕುತ್ತಾರೆ. ಉತ್ತರ ಒಂದೇ ಬಂದರೂ ದಾರಿ ಬೇರೆ. ತತ್ವಜ್ಞಾನಿ ಶಾನ್ ಗ್ಯಾಲಗರ್ ಮತ್ತು ಕೋಲ್ 1995ರಲ್ಲಿ ಇದನ್ನು ಎರಡು ಪರಿಕಲ್ಪನೆಗಳ ಭೇದದಿಂದ ವಿವರಿಸಿದರು. ನಾವು ಗಮನಿಸದೆಯೇ ಚಲನೆ ನಡೆಸುವ ದೇಹದ ಒಳನಕ್ಷೆ ಒಂದು. ನಮ್ಮ ಮೈ ಹೀಗಿದೆ ಎಂದು ನೋಡಿ, ಯೋಚಿಸಿ ಇಟ್ಟುಕೊಂಡ ದೇಹಚಿತ್ರ ಇನ್ನೊಂದು. ಐ.ಡಬ್ಲ್ಯು. ಮೊದಲನೆಯದನ್ನು ಕಳೆದುಕೊಂಡು, ಎರಡನೆಯದರಿಂದ ಅದರ ಕೆಲಸ ಮಾಡಿಸುತ್ತಾರೆ. ‘ಮೈಯೆಲ್ಲ ಕಣ್ಣಾಗಿ’ ಎಂಬ ನಮ್ಮ ನುಡಿಗಟ್ಟು ಇಲ್ಲಿ ತಲೆಕೆಳಗಾಗಿದೆ. ಇವರ ಕಣ್ಣೇ ಮೈಯಾಗಿದೆ.

ಇದೇ ಬಗೆಯ ನಷ್ಟವಾದ ಕೆನಡಾದ ಮಹಿಳೆಯೊಬ್ಬರಿದ್ದಾರೆ, ಬರಹಗಳಲ್ಲಿ ಜಿ.ಎಲ್. ಎಂದು ಗುರುತಿಸುತ್ತಾರೆ. ಅವರ ಕುತ್ತಿಗೆಯ ಅರಿವೂ ಹೋಗಿದೆ. ಅವರು ಗಾಲಿಕುರ್ಚಿಯಲ್ಲಿದ್ದಾರೆ. ಕಣ್ಣಿನಿಂದ ಕೈಕಾಲು ನೋಡಿ ಚಲನೆ ನಡೆಸಬೇಕಾದರೆ, ಕಣ್ಣಿರುವ ತಲೆ ಮುಂಡದ ಮೇಲೆ ಎತ್ತ ತಿರುಗಿದೆ ಎಂಬುದಾದರೂ ಗೊತ್ತಿರಬೇಕು. ಐ.ಡಬ್ಲ್ಯು. ಅವರಿಗೆ ಉಳಿದಿದ್ದ ಆ ಕೆಲವು ಅಂಗುಲಗಳ ಬೆಲೆ ಇಲ್ಲಿ ತಿಳಿಯುತ್ತದೆ. ಇನ್ನೊಂದು ಕಡೆ ಜಿ.ಎಲ್. ಅವರ ನಷ್ಟವೇ ಅನುಕೂಲವಾದದ್ದೂ ಇದೆ. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಅಂಚಿನ ಮೇಲೆ ಗೆರೆ ಎಳೆಯಿರಿ ಎಂದರೆ ನಾವೆಲ್ಲ ಮೂಲೆಗಳಲ್ಲಿ ಸಿಕ್ಕಿಬೀಳುತ್ತೇವೆ, ಕಣ್ಣು ಹೇಳುವ ದಿಕ್ಕೇ ಬೇರೆ, ಕೈಯ ಅರಿವು ಹೇಳುವ ದಿಕ್ಕೇ ಬೇರೆ. 1992ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜಿ.ಎಲ್. ಮೊದಲ ಯತ್ನದಲ್ಲೇ ಸಲೀಸಾಗಿ ಎಳೆದರು. ಕೈ ಎದುರು ಹೇಳುವುದಿಲ್ಲವಾದ್ದರಿಂದ ಜಗಳವೇ ಇಲ್ಲ.

ಮಾತಿನ ಜೊತೆ ಕೈ

ಕಾಯಿಲೆಯ ಆರಂಭದಲ್ಲಿ ಐ.ಡಬ್ಲ್ಯು. ಮಾತಾಡುವಾಗ ಕೈ ಆಡಿಸುವುದು ನಿಂತುಹೋಗಿತ್ತು. ಮುಂದೆ ಬೇಕೆಂದೇ ಮತ್ತೆ ಕಲಿತರು, ಜನರ ನಡುವೆ ಸಹಜವಾಗಿ ಕಾಣಲು. ತಮ್ಮ ಕೈಸನ್ನೆಗಳಲ್ಲಿ ಕೆಲವನ್ನು ಯೋಚಿಸಿ ಕಟ್ಟುತ್ತೇನೆ, ಕೆಲವು ತಾವಾಗಿ ಉದುರುತ್ತವೆ ಎಂದು ಅವರೇ ಎರಡು ಬಗೆ ಮಾಡಿ ಹೇಳಿದ್ದಾರೆ. ಷಿಕಾಗೊ ವಿಶ್ವವಿದ್ಯಾಲಯದ ಡೇವಿಡ್ ಮೆಕ್‌ನೀಲ್ ಕೋಲ್ ಜೊತೆ ಸೇರಿ ಇದನ್ನು ಪರೀಕ್ಷೆಗೆ ಹಚ್ಚಿದರು.

ಕೂತಿರುವ ಐ.ಡಬ್ಲ್ಯು. ಅವರ ಎದೆಯ ಮುಂದೆ ಒಂದು ಮರೆ ಹಾಕಿದರು. ಅದರ ಕೆಳಗೆ ಕೈಗಳು ಓಡಾಡಬಹುದು, ಅವರಿಗೆ ಕಾಣುವುದಿಲ್ಲ. ಕಾರ್ಟೂನ್ ಚಿತ್ರವೊಂದನ್ನು ನೋಡಿ ಕತೆ ಹೇಳಬೇಕು. ಮರೆಯ ಕೆಳಗೆ ಅವರ ಕೈಗಳು ಆಡಿದವು. ಕೈಗಳು ಗಾಳಿಯಲ್ಲಿ ಎಲ್ಲಿ ಸಂಧಿಸಬೇಕೆಂಬುದು ತಪ್ಪಿತು, ಆದರೆ ಆಕಾರವೂ ಮಾತಿನೊಡನೆಯ ತಾಳವೂ ಕೂಡಿಯೇ ಇದ್ದವು. ಮಾತು ನಿಧಾನಿಸಿದಾಗ ಕೈಯೂ ಅಷ್ಟೇ ನಿಧಾನಿಸಿತು. ಅದೇ ಮರೆಯ ಕೆಳಗೆ ಒಂದು ವಸ್ತುವನ್ನು ಹಿಡಿದು ಎತ್ತುವಂಥ ಕೆಲಸ ಕೊಟ್ಟರೆ ಆಗಲಿಲ್ಲ. ಹಿಡಿಯಲಾರದ ಕೈ ಹೇಳಬಲ್ಲದು! ಕೈಸನ್ನೆ ಬರೀ ಚಲನೆಯಾಗಿದ್ದರೆ ಎರಡೂ ಒಟ್ಟಿಗೇ ಬಿದ್ದುಹೋಗಬೇಕಿತ್ತು. ವಸ್ತುವನ್ನು ಹಿಡಿಯುವ ಚಲನೆಗೆ ಹೊರಗಿನ ಜಗತ್ತಿನ ಅಳತೆ ಬೇಕು, ಕೈಸನ್ನೆಗೆ ಸಾಕಾಗುವುದು ಮಾತಾಗುತ್ತಿರುವ ಯೋಚನೆಯ ಅಳತೆ.

ಇನ್ನೊಬ್ಬರ ಮನಸ್ಸು

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಮಹತ್ವದ ಪ್ರಯೋಗ 2005ರದ್ದು. ಸಿಮೋನೆ ಬೋಸ್ಬಾಖ್, ಕೋಲ್, ವುಲ್ಫ್‌ಗಾಂಗ್ ಪ್ರಿನ್ಜ್, ಗುಂಟರ್ ನೋಬ್ಲಿಖ್ ಇದನ್ನು ನಡೆಸಿದರು. ಐ.ಡಬ್ಲ್ಯು. ಮತ್ತು ಜಿ.ಎಲ್. ಇಬ್ಬರಿಗೂ ವಿಡಿಯೊ ತೋರಿಸಿದರು. ಯಾರೋ ಒಬ್ಬರು ಪೆಟ್ಟಿಗೆ ಎತ್ತುತ್ತಾರೆ. ಮೊದಲ ಪ್ರಶ್ನೆ, ಪೆಟ್ಟಿಗೆ ಎಷ್ಟು ಭಾರ? ಇದನ್ನು ಇಬ್ಬರೂ ಚೆನ್ನಾಗಿಯೇ ಹೇಳಿದರು. ಎರಡನೇ ಪ್ರಶ್ನೆ, ಎತ್ತುವವರಿಗೆ ಪೆಟ್ಟಿಗೆಯ ತೂಕದ ಬಗ್ಗೆ ಇದ್ದ ಅಂದಾಜು ಸರಿಯಿತ್ತೋ ತಪ್ಪಿತ್ತೋ? ಭಾರವೆಂದುಕೊಂಡು ಹಗುರ ಪೆಟ್ಟಿಗೆಗೆ ಕೈ ಹಾಕಿದವರ ಮೈಯಲ್ಲಿ ಒಂದು ಚಿಕ್ಕ ಅತಿರೇಕ ಕಾಣುತ್ತದೆ. ಬೆನ್ನು ಮೊದಲೇ ಬಿಗಿದಿರುತ್ತದೆ, ಎತ್ತಿದೊಡನೆ ಕೈ ಮೇಲಕ್ಕೆ ಹಾರುತ್ತದೆ, ಮರುಕ್ಷಣ ತಿದ್ದಿಕೊಳ್ಳುತ್ತಾರೆ. ಸಾಮಾನ್ಯ ನೋಡುಗರಿಗೆ ಇದು ತಿಳಿಯುತ್ತದೆ. ಇವರಿಬ್ಬರಿಗೆ ಅದು ಕಷ್ಟವಾಯಿತು.

ಇಬ್ಬರ ಬುದ್ಧಿಯೂ ಚುರುಕು, ನೋಟವೂ ತೀಕ್ಷ್ಣ. ದೇಹದ ಚಲನೆಯನ್ನು ಇವರಷ್ಟು ಗಮನವಿಟ್ಟು ನೋಡಿದವರು ಇನ್ಯಾರೂ ಇರಲಾರರು. ಪೆಟ್ಟಿಗೆಯ ಭಾರ ಚಲನೆಯ ವೇಗದಿಂದ ಲೆಕ್ಕಕ್ಕೆ ಸಿಗುತ್ತದೆ, ಅದು ಅವರಿಗೆ ಕರಗತ. ಎತ್ತುವವರು ಏನೆಂದುಕೊಂಡಿದ್ದರು ಎಂಬುದು ಸಿಗಬೇಕಾದರೆ, ನಿರೀಕ್ಷೆಗೂ ಸಿಕ್ಕ ಭಾರಕ್ಕೂ ತಾಳೆಯಾಗದಿದ್ದರೆ ಒಳಗೆ ಹೇಗಾಗುತ್ತದೆ ಎಂಬುದು ನೋಡುವವರ ಮೈಗೂ ಗೊತ್ತಿರಬೇಕು. ಖಾಲಿ ಬಿಂದಿಗೆಯನ್ನು ತುಂಬಿದೆಯೆಂದು ಎತ್ತಿ ತಬ್ಬಿಬ್ಬಾದ ಅನುಭವ ನಮ್ಮೆಲ್ಲರ ತೋಳಿನಲ್ಲಿದೆ. ಇನ್ನೊಬ್ಬರ ಮನಸ್ಸಿನ ತಪ್ಪು ಊಹೆಯನ್ನು ಓದುವಾಗ ನಾವು ಬಳಸುವುದು ಆ ತೋಳನ್ನು. ಇಬ್ಬರ ಮೇಲಿನ ಪ್ರಯೋಗದಿಂದ ದೊಡ್ಡ ಸಿದ್ಧಾಂತ ಕಟ್ಟಬಾರದು ನಿಜ, ಆದರೆ ಇಂಥ ಜನ ಇರುವುದೇ ಇಷ್ಟು. ಜೊತೆಗೆ ಭಾರದ ಪ್ರಶ್ನೆಯಲ್ಲಿ ಗೆದ್ದು ನಿರೀಕ್ಷೆಯ ಪ್ರಶ್ನೆಯಲ್ಲಿ ಸೋತದ್ದರಿಂದ, ನೋಟದ ದೋಷ, ಬುದ್ಧಿಯ ದೋಷ ಎಂಬ ಬೇರೆ ವಿವರಣೆಗಳು ಉಳಿಯುವುದಿಲ್ಲ.

ಸಣ್ಣ ತಂತುಗಳಿಂದ ಬಂದ ಅಚ್ಚರಿಯನ್ನೂ ಇಲ್ಲಿ ಹೇಳಬೇಕು. ನರವಿಜ್ಞಾನಿ ಹೋಕನ್ ಓಲಾಸನ್ ಅವರ ತಂಡ 2002ರಲ್ಲಿ ಜಿ.ಎಲ್. ಅವರ ಮುಂದೋಳಿನ ಮೇಲೆ ಮೆತ್ತನೆಯ ಕುಂಚವನ್ನು ನಿಧಾನವಾಗಿ ಎಳೆಯಿತು. ಕುಂಚ ಯಾವ ದಿಕ್ಕಿಗೆ ಹೋಯಿತೆಂದು ಅವರು ಹೇಳಲಾರದೆ ಹೋದರು. ಆದರೂ ಏನೋ ಮಸುಕಾಗಿ, ಹಿತವಾಗಿ ತಾಗಿದಂತೆ ಎಂದರು. ಸ್ಕ್ಯಾನ್‌ನಲ್ಲಿ ಸ್ಪರ್ಶದ ಮಾಮೂಲಿ ಮಿದುಳುಭಾಗ ಸುಮ್ಮನಿತ್ತು, ಭಾವನೆಗೆ ಸಂಬಂಧಿಸಿದ ಇನ್ಸುಲಾ ಚುರುಕಾಯಿತು. ಏನು ತಾಗಿತೆಂಬ ಅರಿವು ಹೋದಮೇಲೂ ಪ್ರೀತಿಯಿಂದ ನೇವರಿಸಿದರೆ ಆಗುವ ಹಿತ ಉಳಿದಿತ್ತು.

ಆರೈಕೆಗೆ ಸಿಗುವುದು

ಇಷ್ಟು ಸಂಪೂರ್ಣ ನಷ್ಟ ಅಪರೂಪ, ಭಾಗಶಃ ನಷ್ಟ ಬಹಳ ಸಾಮಾನ್ಯ. ಸಕ್ಕರೆ ಕಾಯಿಲೆ, ಬಿ12 ಕೊರತೆ, ಕೆಲವು ಕ್ಯಾನ್ಸರ್ ಔಷಧಗಳು, ಪಾರ್ಶ್ವವಾಯು, ವಯಸ್ಸು ಇವೆಲ್ಲ ಪಾದಗಳ ಅಂಗಸ್ಥಿತಿಯ ಅರಿವನ್ನು ಕುಂದಿಸಬಲ್ಲವು. ಅಂಥವರು ಬೀಳುವುದು ಹೆಚ್ಚಾಗಿ ಐ.ಡಬ್ಲ್ಯು. ಬೀಳುವ ಜಾಗಗಳಲ್ಲೇ: ಮುಖ ತೊಳೆಯುವಾಗ ಕಣ್ಣು ಮುಚ್ಚಿದೊಡನೆ, ರಾತ್ರಿ ಶೌಚಕ್ಕೆ ಎದ್ದಾಗ, ತಲೆಯ ಮೇಲಿಂದ ಬಟ್ಟೆ ಹಾಕಿಕೊಳ್ಳುವಾಗ, ಪಾದ ಕಾಣದಂತೆ ಎರಡೂ ಕೈಯಲ್ಲಿ ಏನಾದರೂ ಹೊತ್ತು ನಡೆಯುವಾಗ. ‘ಕಾಲಿಗೆ ಶಕ್ತಿ ಇಲ್ಲ’ ಎಂದು ಮನೆಯವರು ತಿಳಿಯುತ್ತಾರೆ, ಶಕ್ತಿಯ ವ್ಯಾಯಾಮವನ್ನೇ ಮಾಡಿಸುತ್ತಾರೆ. ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ, ಪಾದ ಜೋಡಿಸಿ ನಿಲ್ಲಿಸಿ ನೋಡಬೇಕು. ಪಕ್ಕದಲ್ಲಿ ಹಿಡಿಯಲು ಒಬ್ಬರು ಇರಲೇಬೇಕು. ಕಣ್ಣು ಮುಚ್ಚಿದಾಗ ಮಾತ್ರ ತೂರಾಡಿದರೆ ಕುಂದಿರುವುದು ಶಕ್ತಿಯಲ್ಲ, ಪಾದದಿಂದ ಬರುವ ಸುದ್ದಿ ಎಂಬ ಅನುಮಾನ ಬಲವಾಗುತ್ತದೆ, ನರವೈದ್ಯರಿಗೆ ತೋರಿಸಬೇಕು. ಹಾಸಿಗೆಯಿಂದ ಶೌಚದವರೆಗೆ ಪಾದ ಕಾಣುವಷ್ಟು ಕೆಳಮಟ್ಟದಲ್ಲಿ ರಾತ್ರಿದೀಪ, ಕುರ್ಚಿಯಲ್ಲಿ ಕೂತು ಬಟ್ಟೆ ಹಾಕಿಕೊಳ್ಳುವುದು, ಮೆತ್ತನೆ ಅಡಿಯ ಚಪ್ಪಲಿಯ ಬದಲು ತೆಳ್ಳಗಿನ ಗಟ್ಟಿ ಅಡಿಯದು, ಇಷ್ಟರಿಂದಲೇ ಎಷ್ಟೋ ಬೀಳುವಿಕೆ ತಪ್ಪಬಹುದು.

ಮತ್ತೊಂದು, ಗಮನದ ಲೆಕ್ಕ. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಆರೈಕೆಯಲ್ಲಿದ್ದ ವೃದ್ಧರ ಜೊತೆ ನಡೆಯುತ್ತ ಮಾತು ಶುರುಮಾಡಿದರು. ಮಾತಾಡಲು ನಡಿಗೆ ನಿಲ್ಲಿಸಿದವರು ಮುಂದಿನ ಆರು ತಿಂಗಳಲ್ಲಿ ಬೀಳುವ ಸಾಧ್ಯತೆ ಹೆಚ್ಚಾಗಿತ್ತು. ಅವರ ನಡಿಗೆ ಅದಾಗಲೇ ಯೋಚನೆಯ ಪಾಲನ್ನು ತಿನ್ನತೊಡಗಿತ್ತು. ಇಂಥವರೊಬ್ಬರ ಜೊತೆ ನಡೆಯುವಾಗ ಏನಾದರೂ ಕೇಳಬೇಕೆನಿಸಿದರೆ ಅವರು ನಿಂತು, ಒಂದು ಕೈ ಗೋಡೆಗೋ ನಿಮ್ಮ ತೋಳಿಗೋ ಕೊಟ್ಟಮೇಲೆ ಕೇಳಿ. ಉತ್ತರ ಮುಗಿಯುವವರೆಗೂ ಮುಂದಿನ ಹೆಜ್ಜೆಗೆ ಅವಸರಪಡಿಸಬೇಡಿ.